ಗುಂಡಿಯ ಲೆಕ್ಕ

ಕಳೆದ ಬೇಸಿಗೆಯಲ್ಲಿ ಬೇಗಂಪೇಟೆಯ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಕೈಕೊಟ್ಟಿತು. ಟ್ಯಾಂಕರ್ ನೀರಿಗೆ ದುಡ್ಡು ಸುರಿದು ಸಾಕಾಗಿ, ಇಂಗುಗುಂಡಿ ತೋಡಿಸಲು ಎಲ್ಲರೂ ಒಪ್ಪಿದರು. ಇಲ್ಲಿ ಅದನ್ನು ‘ಇಂಕುಡು ಗುಂತ’ ಎನ್ನುತ್ತಾರೆ. ಹಣ ಕೊಡುವುದು ಘನ ಅಡಿಯ ಲೆಕ್ಕದಲ್ಲಿ. ಮಣ್ಣು ಕುಸಿಯದಿರಲೆಂದು ಬದಿಗಳನ್ನು ಇಳಿಜಾರಾಗಿ ತೋಡಿದ್ದರು. ಬಾಯಿ 10 ಅಡಿ ಚೌಕ, ತಳ 4 ಅಡಿ ಚೌಕ, ಆಳ 6 ಅಡಿ.

ಗುತ್ತಿಗೆದಾರ ತಂದ ಬಿಲ್ಲಿನಲ್ಲಿ 600 ಘನ ಅಡಿ ಎಂದಿತ್ತು: 10×10×6. ಗುಂಡಿ ನೆಟ್ಟಗೆ ಇಳಿದಿದ್ದರೆ ಅದು ಸರಿ. ಪಾದ ತ್ರಿಕೋನವಿರಲಿ, ಚೌಕವಿರಲಿ, ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯಿರುವ ಪಟ್ಟಕಕ್ಕೆ ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದರೆ ಘನಫಲ ಸಿಗುತ್ತದೆ. ನಮ್ಮದು ತುದಿ ಕತ್ತರಿಸಿ ತಲೆಕೆಳಗಾಗಿಸಿದ ಪಿರಮಿಡ್ಡು.

ಸಂಘದ ಖಜಾಂಚಿ ಬದಿಗಳ ಸರಾಸರಿ ತೆಗೆದರು: 7×7×6, ಅಂದರೆ 294. ಮೂರನೇ ಮಹಡಿಯ ನಿವೃತ್ತ ಬ್ಯಾಂಕ್ ಅಧಿಕಾರಿ ವಿಸ್ತೀರ್ಣಗಳ ಸರಾಸರಿ ತೆಗೆದರು: 100 ಮತ್ತು 16ರ ಸರಾಸರಿ 58, ಆರರಿಂದ ಗುಣಿಸಿದರೆ 348. ಇಬ್ಬರೂ ಪಟ್ಟು ಬಿಡಲಿಲ್ಲ.

ಈ ಜಗಳ ತೀರ ಹಳೆಯದು. ಬೇಗಂಪೇಟೆ ಸ್ಟೇಷನ್ನಿನಿಂದ ವಾಡಿಯ ಕಡೆ ಹೋಗುವ ಹಳಿಯ ಮೇಲೆಯೇ, ಸೇಡಂ ದಾಟಿದರೆ ಮಳಖೇಡ ರೋಡ್ ಬರುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದ್ದದ್ದು ಆ ಮಳಖೇಡದಲ್ಲಿ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಅಗೆತದ ಲೆಕ್ಕಕ್ಕೆಂದೇ ‘ಖಾತವ್ಯವಹಾರ’ ಎಂಬ ಅಧ್ಯಾಯವಿದೆ. ನಮ್ಮ ಖಜಾಂಚಿಯದು ಅಲ್ಲಿನ ಕರ್ಮಾಂತಿಕ ಫಲ, ಬ್ಯಾಂಕಿನವರದು ಔಂಡ್ರ ಫಲ. ಎರಡೂ ಸ್ಥೂಲ ಉತ್ತರಗಳು. ಅವೆರಡರ ವ್ಯತ್ಯಾಸದಲ್ಲಿ ಮೂರನೇ ಒಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ನಿಖರ ಫಲ. ಬ್ರಹ್ಮಗುಪ್ತ 628ರಲ್ಲೇ ಇದೇ ರೀತಿಯನ್ನು ಹೇಳಿದ್ದ. ನಮ್ಮ ಗುಂಡಿಗೆ ವ್ಯತ್ಯಾಸ 54, ಅದರ ಮೂರನೇ ಒಂದು ಪಾಲು 18. ಒಟ್ಟು 312. ಶಾಲೆಯ ಸೂತ್ರದಲ್ಲಿ ಹಾಕಿದರೂ ಅಷ್ಟೇ: 6/3 × (100+40+16).

ಗುತ್ತಿಗೆದಾರ ಹೊರಗೆ ಬಿದ್ದಿದ್ದ ಮಣ್ಣಿನ ರಾಶಿ ತೋರಿಸಿದ. ಅಗೆದ ಮಣ್ಣು ಸಡಿಲಗೊಂಡು ಕಾಲುಭಾಗದಷ್ಟು ಉಬ್ಬುವುದು ಸಹಜ. ಹಾಗೆ ಹಿಡಿದರೂ 390 ದಾಟದು. ಕೊನೆಗೆ 312ಕ್ಕೆ ಒಪ್ಪಿದ.

ನಾವು ಗೆದ್ದೆವೆಂದುಕೊಂಡೆವು. ಅಗೆದವರಲ್ಲಿ ನಾರಾಯಣಪೇಟೆ ಕಡೆಯ ಒಬ್ಬ ಹಿರಿಯರಿದ್ದರು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿಕೊಂಡು ಹತ್ತಿರ ಬಂದರು. “ಕೆಳಗ ಹೋದಂಗ ಮಣ್ಣು ಕಡಿಮಿ ಆಗ್ತದ್ರಿ ಸಾಹೇಬ್ರ, ಮ್ಯಾಲೆ ಎತ್ತಿ ಹಾಕೋ ತ್ರಾಸು ಹೆಚ್ಚಾಗ್ತದ.”

ಅವರ ಮಾತು ನಿಜ. ಘನಫಲಕ್ಕೆ ಮೇಲಿನ ಅಡಿಯೂ ಕೆಳಗಿನ ಅಡಿಯೂ ಒಂದೇ, ಬೆನ್ನಿಗೆ ಒಂದೇ ಅಲ್ಲ. ಸರ್ಕಾರಿ ಕಾಮಗಾರಿಯ ದರಪಟ್ಟಿಗಳಲ್ಲೂ ಒಂದೂವರೆ ಮೀಟರಿಗಿಂತ ಆಳದಿಂದ ಮಣ್ಣೆತ್ತಿದರೆ ಬೇರೆ ದರವಿದೆ. ನಮ್ಮ ಗುಂಡಿ ಅದಕ್ಕಿಂತ ಆಳ.

ಸಂಜೆ ಬಿಲ್ಲಿನಲ್ಲಿ 312ರ ಕೆಳಗೆ ಇನ್ನೊಂದು ಸಾಲು ಸೇರಿಸಿದೆವು: ‘ಎತ್ತುಗೂಲಿ’. ಆ ಹಣವನ್ನು ಮಾತ್ರ ಅಗೆದವರ ಕೈಗೇ ಕೊಟ್ಟೆವು.