ಕೈಕಟ್ಟಿ ನಿಂತವರು ಎಲ್ಲಿ ನಿಂತರೇನು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಂದೊಂದು ಕ್ಯಾಮೆರಾ ಹಾಕಿ, ಅಳದೆ ಹುಟ್ಟಿದ ಮಗುವಿಗೆ ಉಸಿರು ತರಿಸುವಾಗ ಮಂಡ್ಯದ ಮಿಮ್ಸ್‌ನಿಂದಲೋ ಮೈಸೂರಿನ ಚೆಲುವಾಂಬದಿಂದಲೋ ಮಕ್ಕಳ ತಜ್ಞರು ವಿಡಿಯೊದಲ್ಲಿ ಜೊತೆಗಿರಲಿ ಎಂದರೆ, ಥಟ್ಟನೆ ಬರುವ ಪ್ರಶ್ನೆ: ‘ಪರದೆಗೆ ಕೈ ಇದೆಯೇನ್ರೀ?’

ಇಲ್ಲ. ಆದರೆ ತಂಡ ನಡೆಸುವವರು ತಾವೇ ಕೈಹಾಕದೆ ಒಂದು ಹೆಜ್ಜೆ ಹಿಂದೆ ನಿಲ್ಲಬೇಕೆಂದೇ ತರಬೇತಿಯಲ್ಲಿ ಹೇಳಿಕೊಡುತ್ತಾರಲ್ಲ! ಮಾಸ್ಕ್ ಸರಿಯಾಗಿ ಕೂತಿದೆಯೇ, ಎದೆ ಏಳುತ್ತಿದೆಯೇ, ಕತ್ತು ಮುಂದಕ್ಕೆ ಬಾಗಿದೆಯೇ, ಎಷ್ಟು ಸೆಕೆಂಡ್ ಆಯಿತು? ಗಾಬರಿಯಲ್ಲಿ ಆಂಬು ಬ್ಯಾಗ್ ಒತ್ತುತ್ತಿರುವ ಸಿಸ್ಟರ್‌ಗೆ ಇದೆಲ್ಲ ಒಟ್ಟಿಗೆ ಹೊಳೆಯುವುದಿಲ್ಲ. ವಾರ್ಮರ್ ಮೇಲಿನ ಕ್ಯಾಮೆರಾದಲ್ಲಿ ನೋಡುವವರಿಗೆ ಹೊಳೆಯುತ್ತದೆ. ನೂರು ಕೂಸುಗಳಲ್ಲಿ ಸುಮಾರು ಹತ್ತಕ್ಕೆ ಉಸಿರು ಹಿಡಿಯಲು ಏನಾದರೊಂದು ನೆರವು ಬೇಕು. ಎದೆ ಒತ್ತಿ ಔಷಧಿ ಕೊಡುವ ಹಂತಕ್ಕೆ ಹೋಗುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಗಂಟಲಿಗೆ ಟ್ಯೂಬ್ ಇಳಿಸಬೇಕಾದಾಗ ಪಕ್ಕದಲ್ಲೇ ನುರಿತ ಕೈ ಇರಬೇಕು, ಒಪ್ಪಿದೆ.

‘ಮೈಸೂರು ಇಲ್ಲೇ ಅಲ್ವೇ, 108ಕ್ಕೆ ಹತ್ತಿಸಿ ಕಳಿಸಿ.’ ಶ್ರೀರಂಗಪಟ್ಟಣದವರು ಹೇಳಿದರೆ ಸಹಿಸಬಹುದು, ಹದಿನೈದು ಕಿಲೋಮೀಟರ್ ದಾರಿ. ಕೆ.ಆರ್. ಪೇಟೆಯಲ್ಲಿ ನಿಂತು ಹೇಳಲಿ ನೋಡೋಣ. 2009ರಲ್ಲಿ ಶುರುವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ತರಬೇತಿ ಪಡೆದವರೆಲ್ಲ ‘ಗೋಲ್ಡನ್ ಮಿನಿಟ್’ ಬಲ್ಲರು: ಆ ಒಂದು ನಿಮಿಷದೊಳಗೆ ಬ್ಯಾಗ್ ಹಿಡಿದಿರಬೇಕು. ನಾಗಮಂಗಲಕ್ಕೆ ತನ್ನ ತಾಲ್ಲೂಕಿನ ಬೆಳ್ಳೂರಲ್ಲೇ ಮೆಡಿಕಲ್ ಕಾಲೇಜಿದೆ. ಒಂದು ನಿಮಿಷದ ಲೆಕ್ಕದಲ್ಲಿ ಅದೂ ದೂರವೇ.

ನೆಟ್‌ವರ್ಕ್ ಸಿಗಲ್ಲ ಅನ್ನುವವರಿಗೆ ಹೆಚ್ಚು ಹೇಳುವುದಿಲ್ಲ. 2002ರಲ್ಲೇ ಇಸ್ರೋ ಉಪಗ್ರಹ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ಜಯದೇವದ ತಜ್ಞರು ನೋಡುತ್ತಾರೆ. ಒಂದು ವ್ಯತ್ಯಾಸ ಮಾತ್ರ ಇದೆ. ಇಸಿಜಿ ನಾಲ್ಕು ನಿಮಿಷ ಕಾದೀತು, ಮಗು ಕಾಯದು. ಹಾಗಾಗಿ ಮಗು ನೀಲಿಗಟ್ಟಿದ ಮೇಲೆ ಫೋನ್ ಹುಡುಕುವುದಲ್ಲ, ತಲೆ ಕಾಣಿಸುವಾಗಲೇ ಲೈನ್ ತೆರೆದಿರಬೇಕು.

ತೂಕದ ಆಕ್ಷೇಪ ಇನ್ನೊಂದಿದೆ: ಕ್ಯಾಮೆರಾ ಬಂದರೆ ತಜ್ಞರ ಹುದ್ದೆ ತುಂಬುವುದನ್ನು ಸರ್ಕಾರ ಮರೆಯುತ್ತದೆ. ಈ ಭಯ ನನಗೂ ಇದೆ. ಆದರೆ ಇರುವ ಒಬ್ಬ ಮಕ್ಕಳ ಡಾಕ್ಟರು ವರ್ಷದ 365 ರಾತ್ರಿಯೂ ಡ್ಯೂಟಿ ಮಾಡಲಾರರು. ನಾನು ಕೇಳುತ್ತಿರುವುದು ಅವರಿಲ್ಲದ ರಾತ್ರಿಗಳಿಗೆ. ತಜ್ಞರು ಬಾಗಿಲಲ್ಲಿ ಕಂಡೊಡನೆ ಪರದೆ ಸುಮ್ಮನಾಗಲಿ.

ಸಿಸ್ಟರ್‌ಗಳ ಅಳುಕಿಗೆ ಮಾತ್ರ ನನ್ನಲ್ಲಿ ಪ್ರತ್ಯುತ್ತರವಿಲ್ಲ, ಒಪ್ಪಿಗೆಯೇ ಇದೆ. ಇಂದು ದಾರಿ ತೋರಿದ ವಿಡಿಯೊ ನಾಳೆ ನೋಟಿಸಿನ ಜೊತೆ ಬರಬಾರದು. ನೇರವಾಗಿ ನೋಡಲಿ, ರೆಕಾರ್ಡ್ ಮಾಡುವುದು ಬೇಡ.