ಆರು ತಾಸಿನ ಹಾರಾಟ, ಇಡೀ ದಿನದ ಪ್ರಯಾಣ

ಉಮ್ರಾ ಟಿಕೆಟ್ ಕೈಗೆ ಬಂದಾಗ ಮನೆಯವರು ಮೊದಲು ನೋಡುವುದು ಸಮಯವನ್ನು. ಹೈದರಾಬಾದಿನಿಂದ ಬೆಳಿಗ್ಗೆ 6ಕ್ಕೆ ಹೊರಟು 9.30ಕ್ಕೆ ಜಿದ್ದಾದಲ್ಲಿ ಇಳಿಯುವುದೆಂದು ಬರೆದಿದ್ದರೆ, 'ಮೂರೂವರೆ ತಾಸು ಅಷ್ಟೇ, ಅಮ್ಮಿಗೆ ತ್ರಾಸವಾಗದು' ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಹೊರಡುವ ಸಮಯ ನಮ್ಮ ಗಡಿಯಾರದ್ದು, ಇಳಿಯುವ ಸಮಯ ಅಲ್ಲಿಯದು. ಸೌದಿ ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದಿದೆ. ಅಮ್ಮಿ ಇಳಿಯುವಾಗ ಸಿಂದಗಿಯಲ್ಲಿ ಮಧ್ಯಾಹ್ನ 12 ಆಗಿರುತ್ತದೆ. ಹಾರಾಟ ಆರು ತಾಸಿನದು.

ಹೈದರಾಬಾದಿನಿಂದ ಜಿದ್ದಾಕ್ಕೆ ಆಕಾಶಮಾರ್ಗದಲ್ಲಿ ಸುಮಾರು 4,130 ಕಿ.ಮೀ., ಬೆಂಗಳೂರಿನಿಂದ ಸುಮಾರು 4,180. ಮರಳುವಾಗ, ಅದರಲ್ಲೂ ಚಳಿಗಾಲದಲ್ಲಿ, ಪಶ್ಚಿಮದ ಗಾಳಿ ಬೆನ್ನಿಗೆ ನಿಂತು ನೂಕುವುದರಿಂದ ಐದು ತಾಸಿನ ಆಸುಪಾಸಿನಲ್ಲಿ ಬಂದುಬಿಡಬಹುದು. ತಮಾಷೆಯೆಂದರೆ, ಟಿಕೆಟಿನಲ್ಲಿ ಈ ಚಿಕ್ಕ ಹಾರಾಟವೇ ಏಳೂವರೆ ತಾಸಿನಂತೆ ಕಾಣುತ್ತದೆ!

ಐವತ್ತು ಕಿ.ಮೀ. ಹೆಚ್ಚು ಕಡಿಮೆಯಾದರೆ ಆಕಾಶದಲ್ಲಿ ಲೆಕ್ಕಕ್ಕಿಲ್ಲ. ನಮ್ಮ ಕಡೆಯವರ ಕಷ್ಟ ನೆಲದ ಮೇಲಿದೆ. ಸೋಲಾಪುರ–ಗದಗ ಮಾರ್ಗದಲ್ಲಿ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳಾದರೂ ಇವೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲೇ ಇಲ್ಲ. ಸಿಂದಗಿಯಿಂದ ಸಂಜೆ 6ಕ್ಕೆ ವಾಹನ ಹತ್ತಿದರೆ ಶಂಷಾಬಾದ್ ಮುಟ್ಟುವಾಗ ನಡುರಾತ್ರಿ ಕಳೆದು 2 ಗಂಟೆ. ಮುದ್ದೇಬಿಹಾಳದವರು ಇನ್ನೂ ಬೇಗ ಹೊರಡಬೇಕು. ಅಲ್ಲಿ ಸಾಮಾನು ತೂಕ, ತಪಾಸಣೆ, ಕಾಯುವಿಕೆ. ಜಿದ್ದಾದಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ನಂತರ ಮಕ್ಕಾಕ್ಕೆ ಬಸ್ಸು. ಕೋಣೆ ಸೇರುವಾಗ ನಮ್ಮ ಗಡಿಯಾರದಲ್ಲಿ ಸಂಜೆ 4 ಆಗಿದ್ದರೆ ಆಶ್ಚರ್ಯವಿಲ್ಲ. ಒಟ್ಟು 22 ತಾಸು. ಮುಂಬೈಯಿಂದ ಹಡಗಿನಲ್ಲಿ ಹಜ್ಜ್‌ಗೆ ಹೋಗುತ್ತಿದ್ದ ನಮ್ಮ ಹಿರಿಯರು ಇದನ್ನು ಕೇಳಿದರೆ ನಕ್ಕಾರು. ಆ ಹಡಗು 1995ರಲ್ಲಿ ನಿಂತಿತು. ಆದರೆ ಹಡಗಿನಲ್ಲಿ ಹೊತ್ತುಹೊತ್ತಿಗೆ ಮಲಗಲು ಜಾಗವಿತ್ತು.

ಈ 22 ತಾಸನ್ನು ಹೇಳಲು ಕಾರಣ ಸಕ್ಕರೆ ಕಾಯಿಲೆ. ನಮ್ಮ ಮನೆಗಳಿಂದ ಹೋಗುವ ತಾಯಂದಿರಲ್ಲಿ ಅನೇಕರು ಇನ್ಸುಲಿನ್ ಅಥವಾ ಮಾತ್ರೆಯ ಮೇಲಿದ್ದಾರೆ. ಅಭ್ಯಾಸದಂತೆ ಔಷಧಿ ತೆಗೆದುಕೊಂಡು, ಊಟ ಮಾತ್ರ ತಪಾಸಣೆಯ ಸಾಲಿನಲ್ಲಿ ತಪ್ಪಿಹೋದರೆ ಸಕ್ಕರೆ ಅಂಶ ಕುಸಿಯುತ್ತದೆ. ಬೆವರು, ನಡುಕ, ತಲೆಸುತ್ತು, ತಬ್ಬಿಬ್ಬು ಮಾತು ಅದರ ಗುರುತುಗಳು. ಜೊತೆಯವರು ಆಯಾಸವೆಂದು ತಿಳಿದು ಮಲಗಿಸಿಬಿಡುತ್ತಾರೆ, ಅದು ಅಪಾಯ. ಕೂಡಲೇ ಸಕ್ಕರೆ ಬಾಯಿಗೆ ಹಾಕಬೇಕು.

ಹೊರಡುವ ವಾರದ ಮೊದಲೇ ವೈದ್ಯರ ಬಳಿ ಟಿಕೆಟ್ ಒಯ್ದು, ಯಾವ ಡೋಸ್ ಯಾವಾಗ ಎಂದು ಬರೆಸಿಕೊಳ್ಳಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ವಿಮಾನದ ಹೊಟ್ಟೆಯ ಚಳಿಗೆ ಅದು ಕೆಡಬಹುದು, ಪೆಟ್ಟಿಗೆ ಬರುವುದು ತಡವಾಗಲೂಬಹುದು. ನಾಲ್ಕು ಖರ್ಜೂರ, ಒಂದಿಷ್ಟು ಸಕ್ಕರೆ, ಎರಡು ರೊಟ್ಟಿ ಪರ್ಸಿನಲ್ಲೇ ಇರಲಿ. ವಿಮಾನದಲ್ಲಿ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ, ಕಾಲು ಬಾವು ಬರದು.

ನೇರ ಮಕ್ಕಾಕ್ಕೆ ಹೋಗುವವರ ಮೀಕಾತ್ ಆಕಾಶದಲ್ಲೇ ದಾಟುತ್ತದೆ. ಇಳಿಯುವ ಮುನ್ನ ವಿಮಾನದಲ್ಲಿ ಅದನ್ನು ಸಾರುವುದುಂಟು. ಆ ಹೊತ್ತಿಗೆ ನಿದ್ದೆಯಲ್ಲಿರುವ ಹಿರಿಯರನ್ನು ಪಕ್ಕದವರು ಎಬ್ಬಿಸಬೇಕು. ಇಹ್ರಾಮಿನ ನಿಯ್ಯತ್ ಅದಕ್ಕೆ ಮೊದಲೇ ಆಗಬೇಕಲ್ಲ.

ಮೊಬೈಲ್ ಅಲ್ಲಿ ಇಳಿದೊಡನೆ ಸೌದಿ ಸಮಯ ತೋರಿಸುತ್ತದೆ. ಅಮ್ಮಿಯ ಕೈಗಡಿಯಾರ ಮಾತ್ರ ಮನೆಯ ಸಮಯದಲ್ಲೇ ಇರಲಿ. ಡೋಸಿನ ಚೀಟಿಯನ್ನೂ ಅದೇ ಸಮಯಕ್ಕೆ ಬರೆಸಿ, ಅದರ ಒಂದು ಪ್ರತಿ ಗುಂಪಿನ ಮುಖ್ಯಸ್ಥರ ಬಳಿ ಕೊಡಿ.