ಬೋಲ್ಟಿನ ಸಂಖ್ಯೆಯೂ ಬಂದೂಕದ ಗುರಿಯೂ

ಪೊಲೀಸನ ಗುಂಡು ಗುರಿ ತಪ್ಪಿದರೆ ಅವನ ಕೈಯನ್ನೂ ಕಣ್ಣನ್ನೂ ಹಳಿಯುವುದು ವಾಡಿಕೆ. ಬಂದೂಕದ ಬೋಲ್ಟನ್ನು ವಿಚಾರಿಸುವವರು ವಿರಳ. ನಾಡಿನ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’ ಲೀ-ಎನ್‌ಫೀಲ್ಡ್ ರೈಫಲು ನಮ್ಮ ಸೀಮೆಗೆ ಅಪರಿಚಿತವಲ್ಲ. 1948ರ ಸೆಪ್ಟೆಂಬರಿನಲ್ಲಿ ಭಾರತೀಯ ಸೇನೆಯ ಕಾಲಾಳುಗಳು ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳಿಗೆ ನಿಜಾಮಶಾಹಿಯಿಂದ ಬಿಡುಗಡೆ ದೊರೆತಾಗ ಅವರ ಕೈಯಲ್ಲಿದ್ದುದೂ ಇದೇ.

ತೋಟಾವನ್ನು ನಳಿಗೆಯ ಬುಡಕ್ಕೆ ನೂಕಿ, ಗುಂಡು ಹಾರುವಾಗ ಹಿಂದಿನಿಂದ ಭದ್ರವಾಗಿ ಹಿಡಿಯುವುದು ಬೋಲ್ಟಿನ ಕೆಲಸ. ಹಿಡಿಯುವುದಕ್ಕೆ ಅದರ ಮೈಯಲ್ಲಿ ಎರಡು ಉಬ್ಬುಗಳುಂಟು. ಎರಡೂ ಸಮನಾಗಿ ಆನಿಕೊಂಡರೆ ಒತ್ತಡವು ನೇರವಾಗಿ ತಾಗುವುದು. ಒಂದೇ ಆನಿದರೆ ಬೋಲ್ಟು ಬಾಗಿ, ನಳಿಗೆ ಪಕ್ಕಕ್ಕೆ ಅದುರಿ, ಗುಂಡುಗಳು ಚದರುವುವು. ಶಹಾಬಾದಿನ ಹಾಸುಗಲ್ಲನ್ನು ಒಂದೇ ಮೂಲೆಯ ಮೇಲೆ ಕೂರಿಸಿದರೆ ಏನಾಗುವುದೆಂದು ಅಲ್ಲಿಯ ಗಾರೆಯವನನ್ನು ಕೇಳಿದರೆ ಸಾಕು.

ಜರ್ಮನಿಯ 1898ರ ಮೌಸರಿನಲ್ಲಿ ಈ ಉಬ್ಬುಗಳು ಮುಂದುಗಡೆ, ತೋಟಾದ ಬೆನ್ನಿಗೇ ಇವೆ, ಬಿಗಿ ಹೆಚ್ಚು. ಲೀ-ಎನ್‌ಫೀಲ್ಡಿನಲ್ಲಿ ಹಿಂದುಗಡೆ ಇರುವುದರಿಂದ ಲೋಹವು ಕೊಂಚ ಬಳುಕುವುದು. ಆದರೆ ಬೋಲ್ಟು ಬೇಗನೆ ಆಡುವುದು, ಹತ್ತು ತೋಟಾ ಹಿಡಿಯುವುದು. ವಿಚಿತ್ರವೆಂದರೆ, ಸಾವಿರ ಗಜದ ಸ್ಪರ್ಧೆಗಳಲ್ಲಿ ಆ ಬಳುಕೇ ಕೆಲಮಟ್ಟಿಗೆ ನೆರವಾಯಿತು: ನಿಧಾನದ ಗುಂಡು ಮೇಲೇರುತ್ತಿರುವ ನಳಿಗೆಯಿಂದ ತುಸು ಎತ್ತರಕ್ಕೆ ಹೊರಟು, ದೂರದಲ್ಲಿ ವೇಗದ ಗುಂಡಿನ ಬಳಿಗೇ ಬಂದು ಬೀಳುವುದು. 1962ರ ಯುದ್ಧದ ತರುವಾಯ ಇಶಾಪುರದ ನಮ್ಮ ಕಾರ್ಖಾನೆಯವರು ಇದೇ ರಚನೆಯನ್ನು ಉತ್ತಮ ಉಕ್ಕಿನಲ್ಲಿ ಮಾಡಿ 7.62 ಮಿಲಿಮೀಟರಿನ ತೋಟಾಕ್ಕೆ ಹೊಂದಿಸಿದರು. ರಚನೆಯನ್ನು ದೂರುವುದಕ್ಕೆ ಹೆಚ್ಚಿನ ಕಾರಣವಿಲ್ಲ.

ದೂರುವುದಕ್ಕಿರುವುದು ಅಜಾಗ್ರತೆ. ಒಂದೊಂದು ಬೋಲ್ಟನ್ನೂ ಅದರದೇ ರೈಫಲಿಗೆ ಹೊಂದಿಸಿ, ಎರಡರ ಮೇಲೂ ಒಂದೇ ಸಂಖ್ಯೆಯನ್ನು ಅಚ್ಚೊತ್ತಿರುವರು. ಒರೆಸುವಾಗ ಹತ್ತಾರು ಬೋಲ್ಟುಗಳನ್ನು ಒಂದೇ ಮೇಜಿನ ಮೇಲೆ ರಾಶಿ ಹಾಕಿ, ಸಿಕ್ಕಿದುದನ್ನು ಸಿಕ್ಕಿದ ರೈಫಲಿಗೆ ಸೇರಿಸಿದರೆ ಆ ಹೊಂದಿಕೆಯು ಕೆಡುವುದು. ತೋಟಾದ ಹಿಂದಣ ಸಂದು ಅತಿಯಾದರೆ ಅದರ ಹಿತ್ತಾಳೆಯ ಕೋಶವೇ ಹರಿದು, ಹೊಡೆಯುವವನ ಮುಖಕ್ಕೆ ಬಿಸಿಗಾಳಿ ಉಗುಳಬಹುದು. ವಾಡಿಯಂತಹ ಜನಸಂದಣಿಯ ಜಂಕ್ಷನ್ನಿನಲ್ಲಿ ಗುಂಡು ಹಾರಿಸುವ ದುರ್ದಿನ ಬಂದರೆ ಒಂದು ಗೇಣಿನ ತಪ್ಪಿಗೆ ನಿರಪರಾಧಿಯು ಪ್ರಾಣ ತೆರಬೇಕಾದೀತು.

ಆದುದರಿಂದ ಇಂತಹ ರೈಫಲುಗಳು ಉಳಿದಿರುವ ಶಸ್ತ್ರಾಗಾರಗಳಲ್ಲಿ ಪ್ರತಿ ಗುರಿಪರೀಕ್ಷೆಗೆ ಮೊದಲು ಎರಡು ಸಂಖ್ಯೆಗಳನ್ನೂ ಓದಿ ದಾಖಲೆಯಲ್ಲಿ ಬರೆಯುವಂತೆ ಕಲಬುರಗಿಯ ಪೊಲೀಸ್ ಅಧಿಕಾರಿಗಳು ಆಜ್ಞೆ ಮಾಡಬೇಕು. ಹೊಂದದ ರೈಫಲನ್ನು ತಿಳಿದ ಮಿಸ್ತ್ರಿಯ ಕೈಗೆ ಕೊಡಲಿ. ಅಲ್ಲಿಯವರೆಗೆ ಕಾನ್‌ಸ್ಟೇಬಲನ ಅಂಕವನ್ನು ಕತ್ತರಿಸದಿರಲಿ.